ಕವರಿನ ಮೇಲೆ ಹೆಸರಿಲ್ಲದ ಗಿಟಾರ್

ಶನಿವಾರ ಸಂಜೆ ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆ ಹೋಗಿ. ಅಥವಾ ದೇವನಹಳ್ಳಿಯಿಂದ ನಂದಿಬೆಟ್ಟದ ತಪ್ಪಲಿಗೆ, ಇಲ್ಲಾ ನೆಲಮಂಗಲದಾಚೆ ಶಿವಗಂಗೆ ಕಡೆಗೆ. ಯಾವುದಾದರೊಂದು ಹೋಂಸ್ಟೇ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂತ ಗುಂಪು ಸಿಗುತ್ತೆ, ಆ ಗುಂಪಿನಲ್ಲೊಂದು ಗಿಟಾರ್ ಇದ್ದೇ ಇರುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯ ಬಿರಿಯಾನಿಗೆ ಹೊರಡೋ ಪ್ಲಾನ್ ಇರೋದರಿಂದ ಯಾರೂ ಮಲಗೋ ಹಾಗಿಲ್ಲ. ಹಾಗಾಗಿ ಗಿಟಾರ್ ಕೈಯಿಂದ ಕೈಗೆ ಹೋಗುತ್ತಾ ಇರುತ್ತೆ. ಕೈ ಬದಲಾದರೂ ಟ್ಯೂನ್ ಮಾತ್ರ ಹೆಚ್ಚು ಬದಲಾಗಲ್ಲ. ಮೊದಲು 'ಸ್ಪ್ಯಾನಿಷ್ ರೊಮಾನ್ಸ್'. ಆಮೇಲೆ 'ಜೊತೆಯಲಿ'. ಆಮೇಲೆ 'ನಗುವ ನಯನ'. ಸ್ವಲ್ಪ ಈಚಿನವರಾದರೆ 'ಅನಿಸುತಿದೆ', ಕಡೆಗೆ ಯಾರಾದರೂ ಒಬ್ಬರು ಶರೀಫರ ಪದ.

ಇಂಟರ್ನೆಟ್ಟಿನಲ್ಲಿ ಲಕ್ಷಾಂತರ ಟ್ಯೂನ್ ಸಿಗೋ ಕಾಲದಲ್ಲೂ ಬಾರಿಸೋರಿಗೆ ಬೇಜಾರಾಗದೆ ಉಳಿದಿರೋದು ಈ ನಾಲ್ಕೈದೇ ಯಾಕೆ? ಇನ್ನೊಂದು ಪ್ರಶ್ನೆಯೂ ಇದೆ, ಅದು ಸ್ವಲ್ಪ ಕಿರಿಕಿರಿಯದ್ದು. ಈ ಟ್ಯೂನ್‌ಗಳನ್ನು ಮೊದಲು ಬಾರಿಸಿದ ಕೈಗಳು ಯಾರವು?

'ರೊಮಾನ್ಸ್' ಇಂದಲೇ ಶುರು ಮಾಡೋಣ. ಗಿಟಾರ್ ಕಲಿಯೋಕೆ ಹೋದವರಿಗೆಲ್ಲ ಮೇಷ್ಟ್ರು ಬೇಗನೆ ಕೊಡುವ ಪಾಠ ಇದು. ಬಾರಿಸಿದವರಿಗೆ ಗೊತ್ತು, ಇದರ ಗುಟ್ಟು ಇರೋದು ಎಡಗೈಯಲ್ಲಲ್ಲ. ರಾಗ ಸಾಗೋದು ಬರೀ ಮೊದಲನೇ ತಂತಿಯ ಮೇಲೆ. ಎರಡನೇ, ಮೂರನೇ ತಂತಿಗಳು ಶುರುವಿನಲ್ಲಿ ಖಾಲಿಯಾಗೇ ಮೊಳಗ್ತಾ ಇರುತ್ತವೆ. ಹೆಬ್ಬೆರಳು ಮಂದ್ರದ ಆರನೇ ತಂತಿಯನ್ನು ಒಮ್ಮೆ ಮುಟ್ಟಿ ಸುಮ್ಮನಾಗುತ್ತೆ. ಉಂಗುರದ ಬೆರಳು, ನಡುಬೆರಳು, ತೋರುಬೆರಳು ಮೂರು ಮೂರಾಗಿ ಉರುಳ್ತವೆ. ಅಂದರೆ ಅರ್ಧ ಕೆಲಸ ವಾದ್ಯವೇ ಮಾಡಿಕೊಡುತ್ತೆ. ತಿಂಗಳ ಹಿಂದೆ ಗಿಟಾರ್ ಕೊಂಡವನಿಗೂ ಎರಡು ಗಿಟಾರ್ ನುಡಿಸ್ತಿರೋ ಭ್ರಮೆ ಬರುತ್ತೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಮೊದಲ ಭಾಗದಲ್ಲಿ ಕೀರವಾಣಿಯ ಛಾಯೆ. ಎರಡನೇ ಭಾಗ ಅದೇ ಶ್ರುತಿಯಲ್ಲಿ ಶಂಕರಾಭರಣಕ್ಕೆ ತಿರುಗುತ್ತೆ. ಕತ್ತಲೆ ಕೋಣೆಯ ಕಿಟಕಿ ತೆಗೆದ ಹಾಗೆ. ಆದರೆ ಆ ಕಿಟಕಿ ತೆಗೆಯೋ ಹೊತ್ತಿಗೆ ಬೆರಳು ಚಾಚಿ ಚಾಚಿ ಮಣಿಕಟ್ಟು ನೋಯುತ್ತೆ. ಬೆಂಕಿ ಮುಂದೆ ಕೂತವರಲ್ಲಿ ಮುಕ್ಕಾಲು ಜನ ಎರಡನೇ ಭಾಗಕ್ಕೆ ಹೋಗೋದೇ ಇಲ್ಲ.

ಇದನ್ನು ಬರೆದವರು ಯಾರು? ಪುಸ್ತಕಗಳಲ್ಲಿ ಇರೋದು 'ಅನಾಮಿಕ' ಅಂತ. 1952ರಲ್ಲಿ ಬಂದ 'ಫರ್ಬಿಡನ್ ಗೇಮ್ಸ್' ಅನ್ನೋ ಫ್ರೆಂಚ್ ಸಿನಿಮಾದಲ್ಲಿ ಸ್ಪೇನಿನ ನಾರ್ಸಿಸೋ ಯೆಪೆಸ್ ಇದನ್ನು ನುಡಿಸಿದ ಮೇಲೆ ಜಗತ್ತಿಗೆಲ್ಲ ಹಬ್ಬಿತು. ಚಿಕ್ಕಂದಿನಲ್ಲಿ ತಾನೇ ಕಟ್ಟಿದ್ದು ಅಂತ ಯೆಪೆಸ್ ಹೇಳಿಕೊಂಡದ್ದೂ ಉಂಟು. ಆದರೆ ಆತ ಹುಟ್ಟಿದ್ದು 1927ರಲ್ಲಿ; ಇದೇ ಟ್ಯೂನಿನ ಮೇಣದ ಸಿಲಿಂಡರ್ ಮುದ್ರಣ ಮ್ಯಾಡ್ರಿಡ್‌ನಲ್ಲಿ ಅದಕ್ಕೂ ಕಾಲು ಶತಮಾನದ ಹಿಂದೆಯೇ ಆಗಿತ್ತು. ಹೆಸರು ಹಾಕಿಕೊಳ್ಳೋಕೆ ಎಷ್ಟೋ ಜನ ನೋಡಿದರು, ಯಾವ ಹೆಸರೂ ನಿಲ್ಲಲಿಲ್ಲ.

ಹೆಸರಿದ್ದೂ ಮರೆತುಹೋದ ಟ್ಯೂನೂ ಒಂದಿದೆ. ಅದನ್ನು ನೀವು ಸಾವಿರ ಸಲವಾದರೂ ಕೇಳಿದ್ದೀರಿ, ಬಿಎಂಟಿಸಿ ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಪರೀಕ್ಷೆ ಹಾಲ್‌ನಲ್ಲಿ. ಸ್ಪೇನಿನ ಫ್ರಾನ್ಸಿಸ್ಕೋ ತಾರೆಗಾ 1902ರಲ್ಲಿ ಗಿಟಾರ್‌ಗೆಂದು ಬರೆದ 'ಗ್ರಾನ್ ವಾಲ್ಸ್' ಕೃತಿಯ ನಾಲ್ಕೇ ನಾಲ್ಕು ಬಾರ್ ಅದು. 1994ರಲ್ಲಿ ನೋಕಿಯಾ ಅದನ್ನು ರಿಂಗ್‌ಟೋನ್ ಮಾಡಿತು. ಅಲ್ಲಿಂದಾಚೆಗೆ ಅದು ನೋಕಿಯಾ ಟ್ಯೂನ್ ಅಷ್ಟೇ.

ಸರಿ, ನಮ್ಮ ಕಡೆಗೆ ಬರೋಣ. ಪಶ್ಚಿಮದ ವಾದ್ಯ ಕನ್ನಡ ನೆಲಕ್ಕೆ ಬರೋದು ಹೊಸದೇನಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಆ ಮರದ ಹುಲಿ ಗೊತ್ತಲ್ಲ, ಬಿಳಿ ಸಿಪಾಯಿಯ ಮೇಲೆರಗಿರೋದು? ಅದರ ಹೊಟ್ಟೆಯೊಳಗಿರೋದು ಒಂದು ಪುಟ್ಟ ಪೈಪ್ ಆರ್ಗನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹುಲಿ ಲಂಡನ್ನಿಗೆ ಹೋಯಿತು, ಈಗಲೂ ಅಲ್ಲೇ ಮ್ಯೂಸಿಯಂನಲ್ಲಿದೆ. ಪಿಟೀಲಂತೂ ನಮ್ಮದೇ ಆಗಿಹೋಯಿತು, ಮೈಸೂರಿನ ಟಿ. ಚೌಡಯ್ಯ ಅದಕ್ಕೆ ಏಳು ತಂತಿ ಕಟ್ಟಿದರು, ಬೆಂಗಳೂರು ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದನ್ನು ಕಛೇರಿಯ ವೇದಿಕೆಗೆ ಏರಿಸಿದರು. ಹಾರ್ಮೋನಿಯಂ ಯುರೋಪಿನದ್ದೇ. 1940ರಿಂದ ಮೂರು ದಶಕ ಆಕಾಶವಾಣಿ ಅದನ್ನು ನಿಷೇಧಿಸಿತ್ತು, ಅದಕ್ಕೆ ಗಮಕ ಬರಲ್ಲ ಅಂತ. ಆದರೆ ಹೊಸಕೋಟೆ, ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳ ಭಜನೆ ಮನೆಗಳಿಗೆ ದೆಹಲಿಯ ನಿಷೇಧದ ಹಂಗೇನೂ ಇರಲಿಲ್ಲ. ಅಲ್ಲಿ ಅದು ಆರಾಮಾಗಿ ಕೂತಿತು.

ಗಿಟಾರ್ ಮಾತ್ರ ಭಜನೆ ಮನೆಗೆ ಬರಲಿಲ್ಲ. ಗಮಕ ಬರಲ್ಲ ಅನ್ನೋದು ಕಾರಣ ಅಂತ ನನಗನ್ನಿಸಲ್ಲ, ಹಾಗಿದ್ದಿದ್ದರೆ ಹಾರ್ಮೋನಿಯಂ ಕೂಡ ಬರಬಾರದಿತ್ತು. ಕಾರಣ ಬೇರೆ. ಹಾರ್ಮೋನಿಯಂ ಹಾಡುವ ದನಿಯ ಬೆನ್ನ ಹಿಂದೆಯೇ ನಡೆಯುತ್ತೆ, ದನಿ ಎಲ್ಲಿ ಹೋದರೆ ಅಲ್ಲಿಗೆ. ಗಿಟಾರ್ ಅಭ್ಯಾಸದಿಂದಲೇ ಕಾರ್ಡ್ ಹಿಡಿಯುವ ವಾದ್ಯ. ಮೂರು ಸ್ವರ ಒಟ್ಟಿಗೆ ಕೊಟ್ಟು, ನಾಲ್ಕು ಮಾತ್ರೆಗೊಮ್ಮೆ ನೆಲವನ್ನೇ ಬದಲಾಯಿಸಿ, 'ಈಗ ಇಲ್ಲಿ ನಿಂತು ಹಾಡು' ಅನ್ನುತ್ತೆ. ಒಂದೇ ಷಡ್ಜದ ಮೇಲೆ ರಾತ್ರಿಯೆಲ್ಲ ನಿಲ್ಲುವ ಸಂಗೀತಕ್ಕೆ ಅದರ ಅಗತ್ಯ ಏನಿದೆ? ಹಾಗಾಗಿ ಹಾಡಿಗೆ ಕಾರ್ಡ್ ಬೇಕಾಗಿದ್ದ ಕಡೆಗಳಲ್ಲಿ ಮಾತ್ರ ಗಿಟಾರ್ ನಿಂತಿತು. ಚರ್ಚಿನಲ್ಲಿ, ದಂಡಿನ ಪ್ರದೇಶದ ಹೋಟೆಲ್ ಬ್ಯಾಂಡುಗಳಲ್ಲಿ, ಮತ್ತೆ ಸಿನಿಮಾದಲ್ಲಿ.

ಕನ್ನಡ ಸಿನಿಮಾ ಅಂದೆ, ಆದರೆ ಹಾಡು ರೆಕಾರ್ಡ್ ಆಗ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲಿ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅಲ್ಲೇ ಇದ್ದರು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ'ದ ವೆಂಕಟೇಶ್. 1974ರಲ್ಲಿ 'ಸಂಪತ್ತಿಗೆ ಸವಾಲ್'ನಲ್ಲಿ ರಾಜ್‌ಕುಮಾರ್ ಕೈಲಿ ಎಮ್ಮೆಯ ಮೇಲೆ ಕೂತು ಹಾಡಿಸಿದವರು. ಅವರ ಹತ್ತಿರ ಸಹಾಯಕನಾಗಿ ಸೇರಿಕೊಂಡ ಒಬ್ಬ ತರುಣ ಗಿಟಾರ್ ವಾದಕ, ಧನರಾಜ್ ಮಾಸ್ಟರ್ ಎಂಬ ಗುರುವಿನಲ್ಲಿ ಪಾಶ್ಚಾತ್ಯ ಸಂಗೀತ, ಸ್ವರಲಿಪಿ ಕಲಿತವನು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಯನ್ನೂ ಪಾಸು ಮಾಡಿದವನು. ವೆಂಕಟೇಶ್ ಹಾಡಿನ ಮಟ್ಟು ಹೇಳಿದರೆ ಅದನ್ನು ಯಾವ ವಾದ್ಯ ಎಲ್ಲಿ ನುಡಿಸಬೇಕು ಅಂತ ಬರೆದುಕೊಡೋದು ಈತನ ಕೆಲಸ. ಹೀಗೆ ಆತ ದುಡಿದ ಚಿತ್ರಗಳು ಸುಮಾರು ಇನ್ನೂರು ಅಂತ ಲೆಕ್ಕ, ಅದರಲ್ಲಿ ಹೆಚ್ಚಿನವು ಕನ್ನಡ. ಆ ತರುಣ ಇಳಯರಾಜ. ತಮಿಳಿನ 'ಅನ್ನಕ್ಕಿಳಿ' ಬಂದು ಆತ ಮನೆಮಾತಾದದ್ದು 1976ರಲ್ಲಿ. ಅದಕ್ಕೂ ಮುಂಚೆ ಆ ಕೈಯ ಗಿಟಾರನ್ನು ಕನ್ನಡದವರು ವರ್ಷಗಟ್ಟಲೆ ಕೇಳಿದ್ದರು, ಯಾರದು ಅಂತ ಗೊತ್ತಿಲ್ಲದೆ.

ಇದು ಯಾಕೆ ಮುಖ್ಯ ಅಂದರೆ, ಹಾರ್ಮೋನಿಯಂ ಮುಂದೆ ಕೂತು ಮಟ್ಟು ಹಾಕೋರ ಹಾಡಿನಲ್ಲಿ ಗಿಟಾರ್ ಆಮೇಲೆ ಬಂದು ಸೇರಿಕೊಳ್ಳುತ್ತೆ, ಒಗ್ಗರಣೆ ಹಾಗೆ. ಗಿಟಾರ್ ಬಲ್ಲವನು ಹಾಡು ಕಟ್ಟಿದಾಗ ಅದು ಅನ್ನದೊಳಗೇ ಇರುತ್ತೆ. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ತೆಗೆದುಕೊಳ್ಳಿ. ಚಿ. ಉದಯಶಂಕರ್ ಸಾಹಿತ್ಯ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ದನಿ. 'ಜೊತೆಯಲಿ' ಹಾಡಿನಿಂದ ಸಾಹಿತ್ಯವನ್ನೂ ದನಿಯನ್ನೂ ತೆಗೆದುಹಾಕಿ ಬರೀ ಗಿಟಾರ್‌ನಲ್ಲಿ ಬಾರಿಸಿ ನೋಡಿ, ಹಾಡು ಬೀಳಲ್ಲ. ಬಲಗೈ ಒಂದು ಲಯ ಹಿಡಿದರೆ ನಿಲ್ಲಿಸೋಕೆ ಮನಸ್ಸಾಗಲ್ಲ. ಕೆಳಗಡೆ ಬೇಸ್ ತನ್ನದೇ ಒಂದು ಹಾಡು ಹೇಳ್ತಾ ಹೋಗುತ್ತೆ, ಅದೊಂದನ್ನೇ ಗುನುಗಿದರೂ ಕೇಳಿದವರು ಹಾಡು ಗುರುತಿಸ್ತಾರೆ. ನಲವತ್ತು ವರ್ಷ ದಾಟಿದ ಹಾಡನ್ನು ಇಪ್ಪತ್ತೆರಡರ ಹುಡುಗ ಹುಡುಗಿ ಬಾರಿಸ್ತಾರೆ ಅಂದರೆ ಅದು ಬರೀ ಶಂಕ್ರಣ್ಣನ ಮೇಲಿನ ಪ್ರೀತಿಯಿಂದಲ್ಲ. (ಪ್ರೀತಿಯೂ ಇದೆ ಬಿಡಿ, ನಮ್ಮ ಆಟೋಗಳ ಹಿಂದೆ ಇರೋ ಫೋಟೋ ನೋಡಿದರೆ ಸಾಕು.) ಬೆರಳಿಗೆ ಅದು ಹಿತ. ಹಿತವಾಗೋ ಹಾಗೆ ಬರೆದವನು ಗಿಟಾರ್ ಹಿಡಿದು ಬೆರಳು ಒರಟು ಮಾಡಿಕೊಂಡವನು.

'ನಗುವ ನಯನ' ಇನ್ನೊಂದು ಬಗೆ. 1983ರ 'ಪಲ್ಲವಿ ಅನುಪಲ್ಲವಿ' ಮಣಿರತ್ನಂ ಅವರ ಮೊದಲ ಚಿತ್ರ, ಅದೂ ಕನ್ನಡದಲ್ಲಿ. ಅನಿಲ್ ಕಪೂರ್ ನಾಯಕ, ಬಾಲು ಮಹೇಂದ್ರ ಕ್ಯಾಮರಾ, ಆರ್.ಎನ್. ಜಯಗೋಪಾಲ್ ಸಾಹಿತ್ಯ. 'ಜೊತೆಯಲಿ' ಓಡಿಸಿದರೆ ಇದು ಕೂರಿಸುತ್ತೆ. ಸ್ಟ್ರಮ್ಮಿಂಗ್ ಮಾಡಿದರೆ ಹಾಡು ಕೆಡುತ್ತೆ, ಬಿಡಿಸಿ ಬಿಡಿಸಿ ಮೀಟಬೇಕು. ಕಾರ್ಡ್ ಸುಲಭ, ತಾಳ್ಮೆ ಕಷ್ಟ. ನನ್ನನ್ನು ಕೇಳಿದರೆ ಕನ್ನಡದಲ್ಲಿ ಗಿಟಾರ್ ಕಲಿಯೋರಿಗೆ 'ರೊಮಾನ್ಸ್' ಜಾಗದಲ್ಲಿ ಇದನ್ನೇ ಕೊಡಬಹುದು.

ಇನ್ನು ಕಿರಿಕಿರಿಯ ಪ್ರಶ್ನೆ. ಆ ಕಾಲದ ಗ್ರಾಮಫೋನ್ ರೆಕಾರ್ಡ್, ಕ್ಯಾಸೆಟ್ ಕವರುಗಳನ್ನು ತಿರುಗಿಸಿ ನೋಡಿ. ಚಿತ್ರ, ಸಂಗೀತ, ಸಾಹಿತ್ಯ, ಗಾಯನ. ಅಲ್ಲಿಗೆ ಮುಗಿಯಿತು. ಇಳಯರಾಜ ಎಲ್ಲವನ್ನೂ ಸ್ವರಲಿಪಿಯಲ್ಲಿ ಬರೆದು ಹಾಳೆ ಹಂಚುತ್ತಿದ್ದರು ನಿಜ. ಆದರೆ ಹಾಳೆ ತಾನಾಗಿ ನುಡಿಯಲ್ಲ. ಅವರ ಗುಂಪಿನಲ್ಲಿ ಗಿಟಾರ್ ಹಿಡಿದು ಕೂತವರು ಸದಾನಂದಂ, ಚಂದ್ರಶೇಖರ್, ಬೇಸ್‌ಗೆ ಶಶಿಧರನ್ ಮುಂತಾದವರು. 1982ರ ತಮಿಳು ಹಾಡು 'ಇಳಯ ನಿಲಾ'ದ ಗಿಟಾರ್ ದೇಶದ ಗಿಟಾರ್ ಹುಡುಗರಿಗೆಲ್ಲ ಒಂದು ಪ್ರವೇಶ ಪರೀಕ್ಷೆ ಇದ್ದಂತೆ. ಅದನ್ನು ಬಾರಿಸಿದ್ದು ಚಂದ್ರಶೇಖರ್. ಈ ಹೆಸರುಗಳು ಹೊರಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಸಂದರ್ಶನಗಳಲ್ಲಿ, ಟಿವಿ ಕಾರ್ಯಕ್ರಮಗಳಲ್ಲಿ. ಕವರಿನಲ್ಲಿ ಅವರಿಗೆ ಒಂದು ಸಾಲೂ ಇರಲಿಲ್ಲ. ಬೆಳಗ್ಗೆ ಬಂದು ಹಾಳೆ ನೋಡಿ, ಟೇಕ್ ಓಕೆ ಮಾಡಿ, ದಿನದ ಸಂಭಾವನೆ ತಗೊಂಡು ಮುಂದಿನ ಸ್ಟುಡಿಯೋಗೆ ಹೋಗೋದು ಸೆಷನ್ ವಾದಕರ ಬದುಕಾಗಿತ್ತು.

ಇದು ಹಳೇ ಕಥೆ, ಈಗ ಕಾನೂನು ಇದೆಯಲ್ಲ ಅಂತೀರಾ? ಇದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಗೀತೆ ಬರೆದವರಿಗೆ, ಸಂಗೀತ ಕಟ್ಟಿದವರಿಗೆ ರಾಯಲ್ಟಿ ಬಿಟ್ಟುಕೊಡಲಾಗದ ಹಕ್ಕಾಯಿತು, ಪ್ರದರ್ಶಕರಿಗೂ ಪಾಲು ಅಂತ ಆಯಿತು. ಆದರೆ 'ಪ್ರದರ್ಶಕ' ಅಂದರೆ ಯಾರು ಅನ್ನೋ ವ್ಯಾಖ್ಯೆಗೆ ಒಂದು ಬಾಲ ಅಂಟಿಕೊಂಡಿದೆ. ಸಿನಿಮಾದಲ್ಲಿ ಒಬ್ಬರ ಕೆಲಸ ಪ್ರಾಸಂಗಿಕ ಅಥವಾ ಆಕಸ್ಮಿಕ ಸ್ವರೂಪದ್ದಾಗಿದ್ದು, ಉದ್ಯಮದ ವಾಡಿಕೆಯಂತೆ ಕ್ರೆಡಿಟ್ಟಿನಲ್ಲೂ ಅವರ ಹೆಸರು ಬರೋದಿಲ್ಲ ಅಂದರೆ, ಅವರನ್ನು ಪ್ರದರ್ಶಕರು ಅಂತ ಪರಿಗಣಿಸಬೇಕಿಲ್ಲ. ತಮ್ಮ ಪ್ರದರ್ಶನವನ್ನು ಯಾರಾದರೂ ವಿರೂಪಗೊಳಿಸಿದರೆ ಆಕ್ಷೇಪಿಸೋ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತೆ. ಇನ್ನೊಮ್ಮೆ ಓದಿ. ಹೆಸರು ಹಾಕದಿರೋದು ವಾಡಿಕೆ. ಆ ವಾಡಿಕೆಯೇ ಹಕ್ಕು ಇಲ್ಲ ಅನ್ನೋದಕ್ಕೆ ಅರ್ಧ ಕಾರಣ. ಉಳಿದರ್ಧ, ಅಂದರೆ ಹಾಡು ಶುರುವಾಗೋ ಮೊದಲೇ ನಮಗೆ ಹಾಡು ಗೊತ್ತಾಗೋ ಹಾಗೆ ಮಾಡುವ ಆ ಎಂಟು ಬಾರ್ ಗಿಟಾರ್ 'ಪ್ರಾಸಂಗಿಕ' ಹೌದೋ ಅಲ್ಲವೋ ಅನ್ನೋದು ವಕೀಲರಿಗೆ ಬಿಟ್ಟದ್ದು. ಸಂಗೀತ ಕಟ್ಟಿದವರ ಹಕ್ಕಿನ ಜಗಳವಾದರೆ ಪೇಪರಿನ ಮುಖಪುಟಕ್ಕೆ ಬರುತ್ತೆ: 2017ರಲ್ಲಿ ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದು ಅಂತ ಇಳಯರಾಜ ಕಡೆಯಿಂದ ಎಸ್‌ಪಿಬಿಗೇ ನೋಟಿಸ್ ಹೋದಾಗ ಎಷ್ಟು ಗದ್ದಲ ಆಯಿತು ನೆನಪಿರಬಹುದು. ಆ ಗದ್ದಲದಲ್ಲಿ ಎರಡು ಕಡೆ ಇತ್ತು. ವಾದಕರದ್ದು ಅಂತ ಮೂರನೇ ಕಡೆಯೊಂದು ಇದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಈ ಮಧ್ಯೆ ಟ್ಯೂನ್‌ಗಳು ತಮ್ಮ ಪಾಡಿಗೆ ಪ್ರಯಾಣ ಮಾಡುತ್ತಲೇ ಇದ್ದವು. 'ಜೊತೆಯಲಿ' ತಮಿಳಿಗೆ ಹೋಯಿತು, 2007ರಲ್ಲಿ ಆರ್. ಬಾಲ್ಕಿ ಅವರ 'ಚೀನಿ ಕಮ್' ಚಿತ್ರದಲ್ಲಿ ಹಿಂದಿ ಮಾತಾಡಿತು. 'ಪಲ್ಲವಿ ಅನುಪಲ್ಲವಿ'ಯ ಹಿನ್ನೆಲೆ ಸಂಗೀತದ ತುಣುಕು ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿಗೆ ಬಂತು. ಅದು ಕನ್ನಡ ಸಿನಿಮಾದ್ದು ಅಂತ ಲಕ್ನೋದಲ್ಲಿ ಕೇಳಿದವರಿಗೆ ಗೊತ್ತಿರೋಕೆ ಸಾಧ್ಯವಿಲ್ಲ, ಬೆಂಗಳೂರಿನಲ್ಲೂ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ತಾರೆಗಾನ ಪಕ್ಕದಲ್ಲಿ ನಮ್ಮದೂ ಒಂದು ಟ್ಯೂನ್ ಫೋನ್ ಕಂಪನಿಯ ಪಾಲಾಯಿತು ಅಂತ ಹೆಮ್ಮೆ ಪಡಬೇಕೋ ಬೇಡವೋ, ನೀವೇ ಹೇಳಿ.

ಹೆಸರಿಲ್ಲದ್ದು ಕೈಯಷ್ಟೇ ಅಲ್ಲ, ಮರವೂ ಹೌದು. ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಅಂದರೆ ಅಕೌಸ್ಟಿಕ್ ಗಿಟಾರ್‌ಗಳಲ್ಲಿ ಐರಾವತ. ಅದರ ಬೆನ್ನು, ಪಕ್ಕೆಗಳಿಗೆ ಮೊದಲು ಬಳಸುತ್ತಿದ್ದದ್ದು ಬ್ರೆಜಿಲ್‌ನ ರೋಸ್‌ವುಡ್. ಅದು ಸಿಗೋದು ಕಷ್ಟವಾದಾಗ, 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿದರು. ನಮ್ಮ ಬೀಟೆ ಮರ ಸ್ವಾಮಿ, ಮಲೆನಾಡಿನ, ಕೊಡಗಿನ ಕಾಡಿನದು, ಅಜ್ಜಿ ಮನೆಯ ಮಂಚದ್ದು! ಗಿಟಾರ್‌ನಲ್ಲಿ ಮುಂದಿನ ಹಲಗೆ ಹಗುರವಾದ ಸ್ಪ್ರೂಸ್ ಮರದ್ದು, ನಡುಗಿ ಶಬ್ದ ಹುಟ್ಟಿಸೋದು ಅದು. ಹಿಂದಿನ ಗಟ್ಟಿ ಬೀಟೆ ಆ ಶಬ್ದವನ್ನು ನುಂಗದೆ ವಾಪಸು ಕಳಿಸುತ್ತೆ. ಮಂದ್ರದ ತಂತಿಗಳಿಗೆ ಆ ಗಂಟೆಯಂಥ ಗುಂಗು ಬರೋದು ಹಾಗೆ. 2017ರ ಜನವರಿಯಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ ಈ ಜಾತಿಯ ಮರಗಳಿಗೆಲ್ಲ ನಿಯಂತ್ರಣ ಬಂದಾಗ ಜಗತ್ತಿನ ಗಿಟಾರ್ ಅಂಗಡಿಗಳು ಗಾಬರಿಬಿದ್ದವು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಮಟ್ಟಿಗೆ ಅವರಿಗೆ ನಮ್ಮ ಮರ ಬೇಕು.

2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ, ಸೋನು ನಿಗಮ್ ದನಿಯ 'ಅನಿಸುತಿದೆ' ಒಂದಿಡೀ ಹಾಸ್ಟೆಲ್ ಪೀಳಿಗೆಗೆ ಗಿಟಾರ್ ಕೊಳ್ಳೋ ನೆಪವಾಯಿತು. ಅದರ ಬಗ್ಗೆ ಇಷ್ಟು ಸಾಕು, ನಿಮಗೇ ನೆನಪುಗಳಿರುತ್ತವೆ.

ನಿಜವಾದ ತಿರುವು ಬಂದದ್ದು ರಘು ದೀಕ್ಷಿತ್ ಅವರಿಂದ ಅಂತ ನನ್ನ ಅಭಿಪ್ರಾಯ. ಮೈಸೂರಿನಲ್ಲಿ ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿ, ಸಹಪಾಠಿಯೊಬ್ಬನ ಸವಾಲಿಗೆ ಗಿಟಾರ್ ಹಿಡಿದವರು. 2008ರ ಅವರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯಾ' ಇತ್ತು, 2013ರ ಆಲ್ಬಂನಲ್ಲಿ 'ಲೋಕದ ಕಾಳಜಿ'. ಅದೇ 2008ರಲ್ಲಿ ಬಂದ 'ಸೈಕೋ' ಚಿತ್ರದ ಮಹದೇಶ್ವರನ ಹಾಡು ಎಫ್‌ಎಂನಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಇಲ್ಲಿ ಆದದ್ದೇನು ನೋಡಿ. ಗಿಟಾರ್ ಬಾರಿಸೋನೂ ಹಾಡೋನೂ ಒಬ್ಬನೇ, ಕವರಿನ ಮೇಲೆ ಇರೋ ಹೆಸರೂ ಅವನದೇ. ಕನ್ನಡದ ಮಟ್ಟಿಗೆ ಇದು ದೊಡ್ಡ ಮಾತು.

ಅದಕ್ಕಿಂತ ದೊಡ್ಡದು ಇನ್ನೊಂದು. ತತ್ವಪದ ಏಕತಾರಿಯ ಹಾಡು. ಹೊಸಕೋಟೆ ದಾಟಿ ಚಿಂತಾಮಣಿ ರಸ್ತೆ ಹಿಡಿದರೆ ಸಿಗೋ ಕೈವಾರದಲ್ಲಿ ತಾತಯ್ಯನವರ ಚಿತ್ರ ನೋಡಿದ್ದೀರಲ್ಲ? ಕೈಯಲ್ಲಿರೋದು ಅದೇ ವಾದ್ಯ. ಒಂದು ತಂತಿ, ಒಂದು ಶ್ರುತಿ, ಬೆರಳಿಗೆ ಸಿಕ್ಕಷ್ಟು ಲಯ. ಕಾರ್ಡ್ ಬದಲಾಯಿಸುತ್ತೆ ಅನ್ನೋ ಕಾರಣಕ್ಕೇ ಭಜನೆ ಮನೆಯ ಹೊಸ್ತಿಲಾಚೆ ನಿಂತಿದ್ದ ಗಿಟಾರ್, ಶರೀಫರ ಪದಕ್ಕೆ ಬಂದಾಗ ಕಾರ್ಡ್ ಬದಲಾಯಿಸೋ ಚಟವನ್ನು ಕಡಿಮೆ ಮಾಡಿಕೊಳ್ಳುತ್ತೆ. ಬಾರಿಸಿದವರಿಗೆ ಇದು ಬೆರಳಿನಲ್ಲೇ ಗೊತ್ತಾಗುತ್ತೆ. ಎಡಗೈ ಒಂದೇ ಆಕಾರದಲ್ಲಿ ಗಂಟೆಗಟ್ಟಲೆ ಕೂತಿರುತ್ತೆ, ಬಲಗೈ ದಮ್ಮಡಿ ಹೊಡೆದ ಹಾಗೆ ತಂತಿಗಳ ಮೇಲೆ ಬಡಿಯುತ್ತೆ. ಆರು ತಂತಿಯ ವಾದ್ಯ ಒಂದು ತಂತಿಯದ್ದಾಗುತ್ತೆ.

ಇಲ್ಲಿಂದ ಭಜನೆ ಮನೆಗೆ ದೂರ ಎಷ್ಟು? ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಗಿಟಾರ್ ಇದೆ, ಅವುಗಳ ಕಾಂಪೌಂಡಿಗೆ ತಾಗಿಕೊಂಡಿರೋ ಹಳ್ಳಿಗಳಲ್ಲಿ ಶನಿವಾರ ರಾತ್ರಿ ಭಜನೆ ಇದೆ. ಅಲ್ಲಿ ಹಾಡೋ ಹಿರಿಯರು ಪ್ರತಿ ಪದದ ಕೊನೆಗೆ ಅದನ್ನು ಕಟ್ಟಿದವರ ಅಂಕಿತ ಹೇಳಿಯೇ ಮುಗಿಸ್ತಾರೆ. ಹಾರ್ಮೋನಿಯಂನವರು ಬರದಿದ್ದ ದಿನ ಗಿಟಾರ್ ತಗೊಂಡು ಹೋಗಿ ಒಂದು ಮೂಲೆಯಲ್ಲಿ ಕೂತರೆ ಬೇಡ ಅನ್ನಲ್ಲ, ಷಡ್ಜ ಯಾವುದು ಅಂತ ಮೊದಲೇ ಕೇಳಿ ತಂತಿ ಸರಿಮಾಡಿಕೊಂಡಿದ್ದರೆ ಸಾಕು.